ಅರ್ಧ ಕಿಲೋ ಚರೆ, ಎರಡು ಸಾಲು ಹೊಲಿಗೆ

ನೀರಿನಲ್ಲಿ ಮೈ ತೇಲದೆ ಮುಳುಗಲೆಂದು ಸೀಸದ ಅಚ್ಚುಗಳನ್ನು ಬೆಲ್ಟಿಗೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡು ದೋಣಿಯ ಅಂಚಿನಲ್ಲಿ ಕೂತವರಿಗೆಲ್ಲ ಒಂದು ಸಂಗತಿ ಗೊತ್ತು. ಅದು ಒತ್ತುವುದು ಮಾಂಸ ಇದ್ದಲ್ಲಿ ಅಲ್ಲ, ಹುಡುಕಿಕೊಂಡು ಹೋಗಿ ಎಲುಬು ಇದ್ದಲ್ಲೇ ಒತ್ತುತ್ತದೆ. ಗಾಳಿಯ ಸಿಲಿಂಡರ್ ಹೊತ್ತು ನೀರಿಗಿಳಿಯುವ ಸ್ಕೂಬಾದವರು ಸಾಫ್ಟ್ ವೇಟ್ ಅನ್ನುವ ಚೀಲದ ಗುಣಗಾನ ಮಾಡುವಾಗ ಮೊದಲು ಹೇಳುವುದು ಇದನ್ನೇ. ಗಟ್ಟಿ ಅಚ್ಚಿನ ಬದಲು ಬಟ್ಟೆ ಚೀಲದಲ್ಲಿ ಸೀಸದ ಸಣ್ಣ ಗುಂಡು ತುಂಬಿದರೆ ಅದು ಮೈಗೆ ಹೊಂದಿಕೊಂಡು ಕೂರುತ್ತದೆ. ಕೈಜಾರಿ ಬಿದ್ದರೂ ದೋಣಿಯ ಫೈಬರ್ ತಳಕ್ಕೆ, ಕೋಣೆಯ ಟೈಲ್ಸಿಗೆ ಅಷ್ಟಾಗಿ ಪೆಟ್ಟಾಗುವುದಿಲ್ಲ.

ಇದೆಲ್ಲ ನಿಜವೇ. ಆದರೆ ಕೂತು ಹೊಲಿದುಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಅರ್ಧ ಕೆ.ಜಿ.ಯ ಚೀಲ. ಡೈವ್ ಸೆಂಟರ್‌ಗಳ ಡಬ್ಬಿಯಲ್ಲಿ ಒಂದು, ಎರಡು ಕೆ.ಜಿ.ಯ ಅಚ್ಚುಗಳು ರಾಶಿ ಬಿದ್ದಿರುತ್ತವೆ, ಅರ್ಧದ್ದು ಬೇಕಾದಾಗ ಸಿಗುವುದು ಅಪರೂಪ. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುವವರು ಬೆಚ್ಚಗಿನ ನೀರಿಗೆ 3 ಮಿ.ಮೀ. ದಪ್ಪದ ವೆಟ್‌ಸೂಟ್ ಹಾಕಿ ಇಳಿಯುತ್ತಾರೆ. ಒಬ್ಬರಿಗೆ ಬೇಕಿರುವುದು ಒಟ್ಟು ಐದು ಕೆ.ಜಿ. ಅಂತಿಟ್ಟುಕೊಂಡರೆ ಅರ್ಧ ಕೆ.ಜಿ. ಅಂದರೆ ಹತ್ತರಲ್ಲೊಂದು ಪಾಲಾಯಿತು. ಅಷ್ಟು ಹೆಚ್ಚಾದರೆ ಬಿಸಿಡಿಗೆ, ಅಂದರೆ ಗಾಳಿ ತುಂಬಿ, ಬಿಟ್ಟು ತೇಲುವುದನ್ನು ಹದ ಮಾಡಿಕೊಳ್ಳುವ ಅಂಗಿಗೆ, ಸುಮಾರು ಅರ್ಧ ಲೀಟರ್ ಗಾಳಿ ಹೆಚ್ಚು ತುಂಬಬೇಕು. ಆ ಗಾಳಿ ಆಳಕ್ಕೆ ಹೋದಂತೆ ಕುಗ್ಗುತ್ತದೆ, ಮೇಲೆ ಬಂದಂತೆ ಹಿಗ್ಗುತ್ತದೆ. ಡೈವ್ ಪೂರ್ತಿ ಬಿಸಿಡಿಯ ಗುಂಡಿ ಒತ್ತುವುದೇ ಕೆಲಸವಾದವರನ್ನು ವಿಚಾರಿಸಿದರೆ ಬಹುಪಾಲು ಇಂಥ ಕಾರಣವೇ ಹೊರಬೀಳುತ್ತದೆ.

ಹಾಗಾಗಿ ಹೊಲಿಯುವ ಮೊದಲು ಎಷ್ಟು ಭಾರ ಬೇಕು ಅನ್ನುವುದು ಖಾತ್ರಿಯಾಗಬೇಕು. ಡೈವ್ ಮುಗಿದು ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗ ಬಿಸಿಡಿಯ ಗಾಳಿಯನ್ನೆಲ್ಲ ಬಿಟ್ಟು, ಮಾಮೂಲಿ ಉಸಿರು ಹಿಡಿದು, ಅಲುಗಾಡದೆ ನೀರಿನ ಮೇಲೆ ನಿಲ್ಲಬೇಕು. ನೀರು ಕಣ್ಣಿನ ಮಟ್ಟಕ್ಕೆ ಬಂದು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಿದರೆ ಲೆಕ್ಕ ಸರಿ. ತುಂಬಿದ ಸಿಲಿಂಡರಿನಲ್ಲಿ ಇದನ್ನು ಮಾಡಿದರೆ ಸುಮಾರು ಎರಡು ಕೆ.ಜಿ. ಸೇರಿಸಿಕೊಳ್ಳಬೇಕು. ಎಲ್ಲೆಡೆ ಸಿಗುವ 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200ರಿಂದ 50 ಬಾರ್‌ವರೆಗೆ ಉಸಿರಾಡಿ ಮುಗಿಸುವ ಗಾಳಿಯ ತೂಕವೇ ಅಷ್ಟಿರುತ್ತದೆ. ತುಂಬಿದಾಗ ನೀರಿನಲ್ಲಿ ಮುಕ್ಕಾಲು ಕೆ.ಜಿ.ಯಷ್ಟು ಭಾರವಾಗಿ ಮುಳುಗುವ ಅದೇ ಸಿಲಿಂಡರ್, ಬರಿದಾದಾಗ ಎರಡು ಕೆ.ಜಿ.ಯಷ್ಟು ತೇಲುತ್ತದೆ. ಕೆರೆ, ಕ್ವಾರಿಯ ಸಿಹಿನೀರಿನಲ್ಲಿ ಲೆಕ್ಕ ಹಾಕಿಕೊಂಡು ಸಮುದ್ರಕ್ಕೆ ಹೋಗುವವರು ಮೈ ಮತ್ತು ಸಾಮಾನು ಸೇರಿದ ಒಟ್ಟು ತೂಕದ ನೂರಕ್ಕೆ ಎರಡೂವರೆ ಪಾಲು ಸೇರಿಸಿಕೊಳ್ಳಬೇಕು. ಎಲ್ಲ ಸೇರಿ 100 ಕೆ.ಜಿ. ಆದರೆ ಎರಡೂವರೆ ಕೆ.ಜಿ. ಸೀಸ ಜಾಸ್ತಿ ಬೇಕು.

ಇನ್ನು ತುಂಬುವ ಮಾಲು, ಅಂದರೆ ಸೀಸದ ಸಣ್ಣ ಗುಂಡು. ಮಲೆನಾಡಿನ, ಕೊಡಗಿನ ಕೋವಿಯವರ ಬಾಯಲ್ಲಿ ಇದರ ಹೆಸರು ಚರೆ. ಚರೆ ಗುಂಡಗಿರುವುದರ ಹಿಂದೊಂದು ಕತೆಯಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್, ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ನೀರಿಗೆ ಬೀಳಿಸುವ ವಿಧಾನಕ್ಕೆ 1782ರಲ್ಲಿ ಪೇಟೆಂಟ್ ಪಡೆದ. ಬೀಳುವ ಹಾದಿಯಲ್ಲೇ ಹನಿ ಗುಂಡಗಾಗಿ ಗಟ್ಟಿಯಾಗುತ್ತದೆ. ಹನಿ ಚೆನ್ನಾಗಿ ದುಂಡಗಾಗಲೆಂದು ಸೀಸಕ್ಕೆ ಚೂರು ಆರ್ಸೆನಿಕ್ ಬೆರೆಸುವ ರೂಢಿಯೂ ಇತ್ತು. ಬರಿಗೈಯಲ್ಲಿ ಚರೆ ಮುಟ್ಟದಿರಲು ಅದೂ ಒಂದು ಕಾರಣ.

ಅಮೆರಿಕದ ಲೆಕ್ಕದಲ್ಲಿ 17ರಿಂದ ಚರೆಯ ನಂಬರನ್ನು ಕಳೆದರೆ ಅದರ ಅಗಲ ಅಂಗುಲದ ನೂರನೇ ಪಾಲುಗಳಲ್ಲಿ ಸಿಗುತ್ತದೆ. 8ನೇ ನಂಬರ್ ಅಂದರೆ 0.09 ಅಂಗುಲ, ಅಂದರೆ 2.3 ಮಿ.ಮೀ. ಚೀಲಕ್ಕೆ 7½ರಿಂದ 9ರವರೆಗಿನ ನಂಬರು ಹದವಾದದ್ದು. ಅದಕ್ಕಿಂತ ದಪ್ಪವಾದರೆ ಮೈಗೆ ಗೋಲಿಯಂತೆ ಒತ್ತುತ್ತದೆ, ಸಣ್ಣದಾದರೆ ಹೊಲಿಗೆಯ ಸಂದಿಗೆ ನುಗ್ಗುತ್ತದೆ. ನಮ್ಮಲ್ಲಿ ಚರೆ ಅಂದರೆ ತೋಟೆಯ ಒಳಸರಕು, ಲೈಸೆನ್ಸಿನ ಮಾತು ಬಂದೇ ಬರುತ್ತದೆ. ತೋಟೆ ಒಡೆದು ಚರೆ ತೆಗೆಯುವ ಹುಚ್ಚು ಸಾಹಸವಂತೂ ಬೇಡವೇ ಬೇಡ. ಕರಾವಳಿಯಲ್ಲಿ ಬಲೆ, ಹಗ್ಗ ಮಾರುವ ಅಂಗಡಿಗಳಲ್ಲಿ ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಮಣಿ ಕೇಳಿದರೆ ಆದೀತು. ಚರೆಯಷ್ಟು ನುಣುಪಾಗಿ ಹರಿಯದಿದ್ದರೂ ಅರ್ಧ ಕೆ.ಜಿ.ಯ ಚೀಲಕ್ಕೆ ಸಾಕು.

ಸೀಸವೇ ಬೇಡ ಅನ್ನುವವರಿಗೆ ಉಕ್ಕಿನ ಚರೆ ಇದೆ. ಎರಕದ ಭಾಗಗಳಿಗೆ ಹೊಡೆದು ಮೈ ಸ್ವಚ್ಛಗೊಳಿಸಲು ಫೌಂಡ್ರಿಗಳು ಇದನ್ನು ಬಳಸುತ್ತವೆ. ಬೆಳಗಾವಿಯಂಥ ಫೌಂಡ್ರಿ ಊರಿನಲ್ಲಿ ಶಾಟ್ ಬ್ಲಾಸ್ಟಿಂಗ್ ಶಾಟ್ ಅಂದರೆ ಅರ್ಥವಾಗುತ್ತದೆ. ಎಸ್-780 ಗಾತ್ರದ್ದು ಸುಮಾರು 2 ಮಿ.ಮೀ. ಇರುತ್ತದೆ. ಕೈಗೆ, ನೀರಿಗೆ ವಿಷವಿಲ್ಲ ಅನ್ನುವುದು ಇದರ ದೊಡ್ಡ ಗುಣ. ತೊಂದರೆ ಮೂರು. ಸಾದಾ ಉಕ್ಕು ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಒಂದೆರಡು ಸೀಸನ್ನಿಗೇ ಮೆತ್ತನೆಯ ಚೀಲ ಇಟ್ಟಿಗೆಯಾದೀತು. ಹತ್ತಿರದಲ್ಲಿ ಕಂಪಾಸ್ ಇದ್ದರೆ ಅದರ ಮುಳ್ಳನ್ನು ಎಳೆಯುತ್ತದೆ. ಜಾಗವೂ ಜಾಸ್ತಿ ಬೇಕು. ಸೀಸದ ಚರೆ ಒಂದು ಕೆ.ಜಿ. ಸುಮಾರು 150 ಮಿ.ಲೀ. ಜಾಗ ತಿಂದರೆ, ಉಕ್ಕಿನ ಚರೆಗೆ 220 ಮಿ.ಲೀ. ಬೇಕು.

ಮರಳು ತುಂಬಿದರೆ ಆಗದೇ ಅಂತ ಕೇಳುವವರು ಯಾವಾಗಲೂ ಒಬ್ಬರಿರುತ್ತಾರೆ. ಸಮುದ್ರದ ನೀರಿನಲ್ಲಿ ಒಂದು ಕೆ.ಜಿ. ಸೀಸ ಕೊಡುವ ನಿಜವಾದ ಭಾರ 910 ಗ್ರಾಂ. ಉಕ್ಕು 870 ಗ್ರಾಂ ಕೊಡುತ್ತದೆ, ಮರಳು ಕೊಡುವುದು 610 ಗ್ರಾಂ ಮಾತ್ರ. ಐದು ಕೆ.ಜಿ. ಸೀಸದ ಕೆಲಸಕ್ಕೆ ಏಳೂವರೆ ಕೆ.ಜಿ. ಮರಳನ್ನು ಹೊತ್ತು ದೋಣಿ ಹತ್ತಬೇಕು, ಅಷ್ಟನ್ನು ಹಿಡಿಸುವ ಪಾಕೆಟ್ ಬಿಸಿಡಿಗಳಲ್ಲಿ ಸಿಗುವುದು ಕಷ್ಟ.

ಇಷ್ಟು ಹೇಳಿದ್ದು ಲೋಹದ ವಿಚಾರವಾಯಿತು. ಆದರೆ ಕೆಟ್ಟುಹೋದ ಸಾಫ್ಟ್ ವೇಟುಗಳನ್ನು ಬಿಡಿಸಿ ನೋಡಿದರೆ ಸೀಸ ಇದ್ದ ಹಾಗೇ ಇರುತ್ತದೆ, ಸೋತಿರುವುದು ದಾರ. ದಾರದಲ್ಲಿ ಜಿಪುಣತನ ಮಾಡಿದ ಚೀಲ ಎಷ್ಟೇ ಒಳ್ಳೆ ಬಟ್ಟೆಯದ್ದಾದರೂ ಒಂದು ದಿನ ದೋಣಿಯ ಮೇಲೆ ಬಾಯಿ ಬಿಡುತ್ತದೆ, ಉರುಳುವ ಚರೆಯ ಮೇಲೆ ಸಿಲಿಂಡರ್ ಹೊತ್ತವರು ಕಾಲಿಟ್ಟರೆ ಮುಗಿಯಿತು.

ಹತ್ತಿ ದಾರ ನೀರಿನಲ್ಲಿ ಕೊಳೆಯುತ್ತದೆ. ಹತ್ತಿ ಮಿಶ್ರಿತದ್ದೂ ಬೇಡ. ಬಾಂಡೆಡ್ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ, ಬ್ಯಾಗ್ ಹೊಲಿಯುವವರು ಬಳಸುವಂಥದ್ದು ಬೇಕು. ಅಂಗಡಿಯಲ್ಲಿ ಅನುಮಾನ ಬಂದರೆ ಒಂದು ತುಂಡಿಗೆ ಬೆಂಕಿ ತಾಗಿಸಿ ನೋಡಿ: ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್, ಕಾಗದದಂತೆ ಉರಿದು ಬೂದಿಯಾದರೆ ಹತ್ತಿ. ಸೂಜಿ 16 ಅಥವಾ 18ನೇ ನಂಬರಿನದು, ಹೊಲಿಗೆಯ ಉದ್ದ ಮೂರು ಮಿ.ಮೀ. ಹೊಲಿಗೆ ಹತ್ತಿರವಾದಷ್ಟೂ ಗಟ್ಟಿ ಅನ್ನುವುದು ತಪ್ಪು ತಿಳಿವಳಿಕೆ. ತೀರ ಹತ್ತಿರ ಹೊಲಿದರೆ ಸೂಜಿಯ ತೂತುಗಳೇ ಸಾಲಾಗಿ, ಅಂಚೆಚೀಟಿ ಹರಿದ ಹಾಗೆ ಬಟ್ಟೆ ಹರಿಯುತ್ತದೆ.

ಹೊರಚೀಲಕ್ಕೆ 1000 ಡೆನಿಯರಿನ (ಡೆನಿಯರ್ ಅಂದರೆ ಎಳೆಯ ದಪ್ಪದ ಅಳತೆ) ನೈಲಾನ್ ಬಟ್ಟೆ, ಅಂದರೆ ಕಾರ್ಡುರಾ. ಒಳಚೀಲಕ್ಕೆ ಒತ್ತಾಗಿ ನೇಯ್ದ, ಲೇಪನವಿಲ್ಲದ ಪಾಲಿಯೆಸ್ಟರ್ ಲೈನಿಂಗ್ ಬಟ್ಟೆ. ಕೊಡೆಯ ಬಟ್ಟೆ ನೋಡಲು ಹಾಗೇ ಇದ್ದರೂ ಅದರ ಲೇಪನ ನೀರನ್ನು ತಡೆಯುತ್ತದೆ. ಇಲ್ಲಿ ನಮಗೆ ಬೇಕಿರುವುದು ನೀರು ಒಳಗೆ ಬರುವುದು, ಚರೆ ಹೊರಗೆ ಹೋಗದಿರುವುದು. ಒಂದೇ ಪದರದ ಜಾಲರಿ ಚೀಲ ಹೊಲಿಯುವವರೂ ಇದ್ದಾರೆ. ನೀರು ಬೇಗ ಇಳಿಯುತ್ತದೆ ನಿಜ, ಆದರೆ ಚರೆಗಳು ಒಂದಕ್ಕೊಂದು ಉಜ್ಜಿ ಏಳುವ ಬೂದು ಪುಡಿಯೂ ಅದೇ ದಾರಿಯಲ್ಲಿ ಹೊರಬರುತ್ತದೆ. ಎರಡು ಪದರದ ಕೆಲಸ ಹೆಚ್ಚಾದರೂ ನನ್ನ ಮತ ಅದಕ್ಕೇ.

ಒಂದು ಕೆ.ಜಿ.ಯ ಚೀಲಕ್ಕೆ 11.5 ಸೆಂ.ಮೀ. ಅಗಲ, 29 ಸೆಂ.ಮೀ. ಉದ್ದದ ಒಂದೇ ತುಂಡು ಕತ್ತರಿಸಿ. ಅದರ ಉದ್ದ ಅರ್ಧವಾಗುವಂತೆ ನಡುವೆ ಮಡಿಸಿದರೆ ತಳದಲ್ಲಿ ಹೊಲಿಗೆಯೇ ಇರುವುದಿಲ್ಲ. ಚರೆಯೆಲ್ಲ ಬಂದು ಕೂರುವ ಜಾಗ ತಳ, ಅಲ್ಲಿ ಹೊಲಿಗೆ ಇಲ್ಲದಿರುವುದೇ ಲೇಸು. ಎರಡೂ ಪಕ್ಕಕ್ಕೆ 12 ಮಿ.ಮೀ. ಬಿಟ್ಟು ಒಂದು ಸಾಲು, ಅಂಚಿನ ಕಡೆಗೆ ನಾಲ್ಕು ಮಿ.ಮೀ. ಆಚೆ ಇನ್ನೊಂದು ಸಾಲು ಹೊಲಿಯಬೇಕು. ಬಟ್ಟೆಯ ಕತ್ತರಿಸಿದ ಅಂಚನ್ನು ಬೆಂಕಿಕಡ್ಡಿಯಿಂದಲೋ ಸೋಲ್ಡರಿಂಗ್ ಐರನ್ನಿಂದಲೋ ತುಸು ಕರಗಿಸಿಕೊಂಡರೆ ಎಳೆ ಬಿಡುವುದಿಲ್ಲ. ಬಾಯಿಯ ಅಂಚನ್ನು ಒಂದೂವರೆ ಸೆಂ.ಮೀ. ಒಳಕ್ಕೆ ಮಡಿಸಿದರೆ ಒಳಗಿನ ಅಳತೆ 9ಕ್ಕೆ 13 ಉಳಿಯುತ್ತದೆ. ಅರ್ಧ ಕೆ.ಜಿ.ಗೆ 10.5ಕ್ಕೆ 21ರ ತುಂಡು ಸಾಕು, ಒಳಗಿನ ಅಳತೆ 8ಕ್ಕೆ 9 ಬರುತ್ತದೆ. ಎರಡು ಕೆ.ಜಿ.ಯ ಚೀಲ ಮಾಡಬಹುದು, ಆದರೆ ಮಾಡುವ ಅಗತ್ಯ ಕಾಣುವುದಿಲ್ಲ. ಒಂದು ಕೆ.ಜಿ.ಯ ಎರಡು ಚೀಲ ಇಟ್ಟರಾಯಿತು.

ಈ ಅಳತೆಯಲ್ಲಿ ಚರೆ ಚೀಲದ ಹೊಟ್ಟೆಯ ಮೂರರಲ್ಲಿ ಎರಡು ಪಾಲು ಮಾತ್ರ ತುಂಬುತ್ತದೆ. ಬೇಕೆಂದೇ ಹಾಗೆ. ಜಾಗ ಉಳಿದಿದೆಯಲ್ಲ ಅಂತ ಇನ್ನೂ ಕಾಲು ಕೆ.ಜಿ. ತುರುಕಿದರೆ ಚೀಲ ತುಂಬಿದ ದಿಂಬಿನಂತೆ ಬಿಗಿದು, ಮೆತ್ತಗಿರುವ ಗುಣವೇ ಹೋಗುತ್ತದೆ. ಬಿಗಿದ ಚೀಲದಲ್ಲಿ ಹೊಲಿಗೆಯ ಮೇಲೆ ಒತ್ತಡ ಬೇರೆ.

ಒಳಚೀಲವನ್ನು ಹೊರಚೀಲಕ್ಕಿಂತ ಅಗಲದಲ್ಲೂ ಉದ್ದದಲ್ಲೂ ಅರ್ಧ ಸೆಂ.ಮೀ. ದೊಡ್ಡದಾಗಿ ಹೊಲಿಯಬೇಕು. ಇದು ಕೇಳಲು ಉಲ್ಟಾ ಅನ್ನಿಸುತ್ತದೆ. ಚಿಕ್ಕದಾಗಿದ್ದರೆ ಭಾರವೆಲ್ಲ ತೆಳು ಲೈನಿಂಗಿನ ಮೇಲೆಯೇ ಬಿದ್ದು ಅದು ಮೊದಲು ಹರಿಯುತ್ತದೆ. ದೊಡ್ಡದಾಗಿದ್ದರೆ ಲೈನಿಂಗ್ ಸಡಿಲವಾಗಿ ಮಡಿಕೆ ಬಿದ್ದಿರುತ್ತದೆ, ಭಾರವನ್ನು ಹೊರಗಿನ ದಪ್ಪ ಬಟ್ಟೆ ಹೊರುತ್ತದೆ.

ಹೊರಚೀಲದ ಒಂದು ಮೈಗೆ, ಹೊಲಿಗೆಯಿಂದ ಒಂದೂವರೆ ಸೆಂ.ಮೀ. ದೂರದಲ್ಲಿ, ಸೋಲ್ಡರಿಂಗ್ ಐರನ್ನಿನ ತುದಿಯಿಂದ ಎರಡು ಮಿ.ಮೀ.ಯ ಆರು ತೂತು ಮಾಡಿ. ಕಿಟಕಿ ತೆರೆದಿಟ್ಟು ಮಾಡಿ, ನೈಲಾನ್ ಕರಗುವ ಹೊಗೆ ಒಳ್ಳೆಯದಲ್ಲ. ಕರಗಿದ ಅಂಚು ಒಳಗಡೆ ಚೂಪಾಗಿ ನಿಂತರೆ ಲೈನಿಂಗನ್ನು ಕೊರೆಯುತ್ತದೆ, ಮರಳು ಕಾಗದದಿಂದ ಉಜ್ಜಿಬಿಡಿ. ಈ ತೂತುಗಳನ್ನು ಮರೆತರೆ ಆಗುವ ಎಡವಟ್ಟಿಗೆ ಸಣ್ಣ ಲೆಕ್ಕವಿದೆ. ಒಂದು ಕೆ.ಜಿ. ಚರೆಯ ನಡುವಿನ ಸಂದಿಗಳಲ್ಲಿ ಸುಮಾರು 60 ಮಿ.ಲೀ. ಗಾಳಿ ಇರುತ್ತದೆ, ಅದು 60 ಗ್ರಾಂ ಮೇಲಕ್ಕೆ ಎತ್ತುತ್ತದೆ. ಅಂಥ ಐದು ಚೀಲವಿದ್ದರೆ 300 ಗ್ರಾಂ. ನೀರಿಗೆ ಇಳಿಯುವಾಗ ಮುಳುಗಲು ಕಷ್ಟಪಟ್ಟು, ಇನ್ನೊಂದು ವೇಟ್ ಸೇರಿಸಿಕೊಂಡು ಹೋಗುತ್ತೀರಿ. ಹತ್ತು ನಿಮಿಷದಲ್ಲಿ ಗಾಳಿ ಗುಳುಗುಳು ಅಂತ ಹೊರಟುಹೋದ ಮೇಲೆ ಇದ್ದಕ್ಕಿದ್ದ ಹಾಗೆ ಭಾರವಾಗುತ್ತೀರಿ. ಪ್ಲಾಸ್ಟಿಕ್ ಕವರಿನಲ್ಲಿ ಚರೆ ಹಾಕಿ ಮೂತಿ ಅಂಟಿಸಿ ತುಂಬುವವರಿಗೆ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಕಾಡುತ್ತದೆ: ಕವರು ಎಂದಾದರೂ ತೂತಾಗುತ್ತದೆ, ಯಾವ ಡೈವಿನಲ್ಲಿ ಅನ್ನುವುದಷ್ಟೇ ಪ್ರಶ್ನೆ.

ಹೊಲಿಗೆ ಬಾರದವರು ಬ್ಯಾಗ್ ಹೊಲಿಯುವವರ ಹತ್ತಿರ ಹೊಲಿಸಿಕೊಳ್ಳುವುದು ಜಾಣತನ, ಅವರ ಮೆಷಿನ್ ದಪ್ಪ ಬಟ್ಟೆಗೆ ಹೇಳಿ ಮಾಡಿಸಿದ್ದು. ಖಾಲಿ ಚೀಲಗಳನ್ನು ಮಾತ್ರ ಹೊಲಿಸಿ, ಸೀಸವನ್ನು ಅವರ ಅಂಗಡಿಗೆ ಒಯ್ಯಬೇಡಿ. ಬಾಯಿಯನ್ನು ಮೂರು ಸೆಂ.ಮೀ. ಮಾತ್ರ ಬಿಟ್ಟು ಉಳಿದದ್ದನ್ನು ಮೆಷಿನ್ನಿನಲ್ಲೇ ಮುಗಿಸಿಕೊಳ್ಳಬೇಕು, ಲೈನಿಂಗಿನ ಬಾಯಿಯೂ ಅದೇ ಜಾಗಕ್ಕೆ ಬರುವಂತಿರಲಿ. ತುಂಬಿದ ಮೇಲೆ ಆ ಮೂರು ಸೆಂ.ಮೀ.ಯನ್ನು ಕೈಯಲ್ಲೇ, ಮೇಣ ಸವರಿದ ಜೋಡಿ ದಾರದಿಂದ, ಹಿಂದೆ ಹೋಗಿ ಮುಂದೆ ಬರುವ ಹೊಲಿಗೆ ಹಾಕಿ, ಮೊದಲು ಒಳಚೀಲ, ಆಮೇಲೆ ಹೊರಚೀಲ ಅನ್ನುವ ಕ್ರಮದಲ್ಲಿ ಮುಚ್ಚಬೇಕು. ತುಂಬಿದ ಚೀಲವನ್ನು ಮೆಷಿನ್ನಿಗೆ ಕೊಟ್ಟರೆ ಒಂದು ಚರೆ ಉರುಳಿ ಸೂಜಿಯ ಕೆಳಗೆ ಬಂದು, ಸೂಜಿ ಮುರಿದು ಮುಖಕ್ಕೆ ಹಾರಬಹುದು. ಚರೆ ಹಿಂದೆ ಸರಿದಿರಲಿ ಅಂತ ಬಾಯಿಯ ಕೆಳಗೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ ಕಚ್ಚಿಸಿಟ್ಟರೆ ಕೈ ಹೊಲಿಗೆಯೂ ಸಲೀಸು. ಜಿಪ್ಪು, ವೆಲ್ಕ್ರೋ ಹಾಕುವ ಆಸೆ ಬೇಡ. ಜಿಪ್ಪಿನ ತುದಿಯ ಸಂದಿಯಲ್ಲಿ ಚರೆ ನುಸುಳುತ್ತದೆ, ವೆಲ್ಕ್ರೋದ ಹಲ್ಲಿಗೆ ಒಂದೇ ಚರೆ ಸಿಕ್ಕಿಕೊಂಡರೂ ಬಾಯಿ ಸರಿಯಾಗಿ ಮುಚ್ಚುವುದಿಲ್ಲ.

ತುಂಬುವ ಕೆಲಸ ಅಡುಗೆಮನೆಯಲ್ಲಿ ಮಾಡುವಂಥದ್ದಲ್ಲ. ಸೀಸ ರಕ್ತದಲ್ಲಿ ಇಷ್ಟಿದ್ದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಇಲ್ಲ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮಕ್ಕಳಿಗೆ, ಗರ್ಭಿಣಿಯರಿಗೆ ಇದು ಇನ್ನೂ ಕೆಟ್ಟದ್ದು. ಹೊರಗೆ ಜಗಲಿಯಲ್ಲೋ ತಾರಸಿಯ ಮೇಲೋ ಪ್ಲಾಸ್ಟಿಕ್ ಟ್ರೇಯಲ್ಲಿ ಒದ್ದೆ ಪೇಪರ್ ಹಾಸಿ, ಕೈಗವಸು ಹಾಕಿಕೊಂಡು ಕೂರಬೇಕು. ಚರೆಯನ್ನು ಮೇಲಿಂದ ಸುರಿದರೆ ಪುಡಿ ಏಳುತ್ತದೆ, ಆಲಿಕೆಯ ಮೂತಿಯನ್ನು ಚೀಲದೊಳಗೆ ಇಳಿಬಿಟ್ಟು ನಿಧಾನ ಹರಿಸಿ. ಉದುರಿದ್ದನ್ನು ಪೊರಕೆಯಲ್ಲಿ ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಕಟ್ಟಿಡಬೇಕು. ತಕ್ಕಡಿಯನ್ನು ಮತ್ತೆ ಅಡುಗೆಗೆ ಬಳಸುವಂತಿಲ್ಲ. ಸೀಸ ಕರಗಿಸಿ ಅಚ್ಚು ಹೊಯ್ಯುವುದಕ್ಕಿಂತ ಇದು ಎಷ್ಟೋ ಮೇಲು ಅನ್ನುವುದೂ ನಿಜ. 327 ಡಿಗ್ರಿಯಲ್ಲಿ ಕರಗಿದ ಸೀಸದೊಳಕ್ಕೆ ತೇವದ ಒಂದು ತುಂಡು ಜಾರಿದರೂ ನೀರು ಒಮ್ಮೆಲೆ ಆವಿಯಾಗಿ ಸೀಸ ಮೈಮೇಲೆ ಸಿಡಿಯುತ್ತದೆ.

ತೂಗುವಾಗ ಬಟ್ಟೆಯ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹದಿನೈದು ಗ್ರಾಮಿನಷ್ಟು ಬಟ್ಟೆ ನೀರಿನಲ್ಲಿ ಇದ್ದೂ ಇಲ್ಲದಂತೆ. ಚರೆ ಮಾತ್ರ ಸರಿಯಾಗಿ 500 ಅಥವಾ 1000 ಗ್ರಾಂ ಇರಲಿ. ಮಾರ್ಕರಿನಲ್ಲಿ ಬರೆದದ್ದು ಉಜ್ಜಿ ಹೋಗುತ್ತದೆ. ಅರ್ಧದ ಚೀಲಕ್ಕೆ ಕೆಂಪು ದಾರ, ಒಂದರದಕ್ಕೆ ಕಪ್ಪು ದಾರ ಅಂತ ಇಟ್ಟುಕೊಂಡರೆ ದೋಣಿಯ ಗಡಿಬಿಡಿಯಲ್ಲೂ ಕಣ್ಣಿಗೆ ಬೀಳುತ್ತದೆ.

ಹೊಲಿದು ಮುಗಿದ ಚೀಲವನ್ನು ಬಿಳಿ ಹಾಳೆಯ ಮೇಲೆ ಐವತ್ತು ಸಲ ಕುಲುಕಿ ನೋಡಿ, ಹಾಳೆ ಬೂದಾದರೆ ಒಳಚೀಲದಲ್ಲಿ ಎಲ್ಲೋ ಸಂದಿಯಿದೆ. ಸೊಂಟದೆತ್ತರದಿಂದ ಹತ್ತು ಸಲ ಬೀಳಿಸಿ ಪಕ್ಕದ ಹೊಲಿಗೆ ನೋಡಿ. ಕೊನೆಗೆ ಬಕೆಟ್ ನೀರಿನಲ್ಲಿ ಮುಳುಗಿಸಿ ಹಿಸುಕಿ ಗುಳ್ಳೆ ಬಿಡಿಸಿ, ಸೂಟ್‌ಕೇಸ್ ತೂಗುವ ಕೈ ತಕ್ಕಡಿಗೆ ಕಟ್ಟಿ ನೀರಿನೊಳಗೇ ತೂಗಿ. ಒಂದು ಕೆ.ಜಿ.ಯದ್ದು 910 ಗ್ರಾಮಿನ ಹತ್ತಿರ ತೋರಿಸಬೇಕು. 850 ಬಂದರೆ ಒಳಗೆ ಗಾಳಿ ಕೂತಿದೆ ಅಂತಲೇ ಅರ್ಥ. ಗಟ್ಟಿ ಅಚ್ಚಿಗಿಂತ ಸಾಫ್ಟ್ ವೇಟ್ ನೀರಿನಲ್ಲಿ ಹಗುರ ಅನ್ನುವ ಮಾತು ಹುಟ್ಟಿರುವುದು ಹೀಗೆ ಸರಿಯಾಗಿ ನೆನೆಯದ ಚೀಲಗಳಿಂದಲೇ ಇರಬೇಕು.

ಚೀಲವನ್ನು ಬಿಸಿಡಿಯ ಪಾಕೆಟ್ಟಿಗೆ ಹಾಕುವ ವಿಚಾರದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. ತುರ್ತಿನಲ್ಲಿ ವೇಟ್ ಬಿಡುವುದು ಡೈವರಿನ ಕೊನೆಯ ಉಪಾಯ. ಮನೆಯಲ್ಲಿ ಹೊಲಿದ ಚೀಲ ಪಾಕೆಟ್ಟಿನಲ್ಲಿ ಉಬ್ಬಿ ಸಿಕ್ಕಿಕೊಂಡು ಹಿಡಿ ಎಳೆದರೂ ಬಾರದಿದ್ದರೆ ಅದಕ್ಕಿಂತ ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಪಾಕೆಟ್ ಒದ್ದೆ ಮಾಡಿ, ಚೀಲ ತುಂಬಿ, ಒಂದೇ ಕೈಯಲ್ಲಿ ಹತ್ತು ಸಲ ಎಳೆದು ನೋಡಿ. ಒಂಬತ್ತು ಸಲ ಬಂದು ಒಂದು ಸಲ ತಡೆದರೂ ಚೀಲ ದಪ್ಪವಾಯಿತು ಅಂತಲೇ ಲೆಕ್ಕ, ಬಿಚ್ಚಿ ಅರ್ಧ ಕೆ.ಜಿ.ಯದಾಗಿ ಒಡೆಯಿರಿ. ತಯಾರಕರು ಪಾಕೆಟ್ಟಿಗೆ ಹೇಳಿದ ಮಿತಿಯನ್ನೂ ಮೀರಬಾರದು. ಐದು ಕೆ.ಜಿ. ಬೇಕಿರುವವರು ಬಿಚ್ಚಬಲ್ಲ ಪಾಕೆಟ್ಟುಗಳಿಗೆ ಒಂದೂವರೆ, ಒಂದೂವರೆ ಹಾಕಿ, ಬೆನ್ನ ಮೇಲ್ಗಡೆ ಸಿಲಿಂಡರ್ ಪಟ್ಟಿಯ ಎರಡೂ ಪಕ್ಕ ಒಂದೊಂದು ಇಟ್ಟರೆ ಕಾಲು ಜೋಲುವವರ ಮೈ ನೇರವಾಗುತ್ತದೆ. ಕಾಲು ಮೇಲೇಳುವವರು ಇದರ ಉಲ್ಟಾ ಮಾಡಬೇಕು. ಮೊದಲ ಸಲ ಇದನ್ನೆಲ್ಲ ಆಳವಿಲ್ಲದ ನೀರಿನಲ್ಲಿ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರುವಾಗ ನೋಡಿಕೊಳ್ಳಿ.

ಅಂಡಮಾನಿಗೋ ಲಕ್ಷದ್ವೀಪಕ್ಕೋ ವಿಮಾನದಲ್ಲಿ ಹೋಗುವಾಗ ಇವನ್ನು ಹೊತ್ತೊಯ್ಯುವುದು ಬೇಡ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವ 15 ಕೆ.ಜಿ.ಯ ಲಗೇಜಿನಲ್ಲಿ ಮೂರರಲ್ಲೊಂದು ಪಾಲು ಸೀಸಕ್ಕೇ ಹೋದರೆ ಉಳಿದದ್ದಕ್ಕೆ ಜಾಗವೆಲ್ಲಿ? ಎಕ್ಸ್‌ರೇಯಲ್ಲಿ ಒಳಗೇನಿದೆ ಕಾಣದ ಕಪ್ಪು ಗಂಟು ಕಂಡರೆ ಪೆಟ್ಟಿಗೆ ಬಿಚ್ಚಿಸದೆ ಬಿಡುವುದೂ ಇಲ್ಲ. ಅರ್ಧದ ಎರಡು ಚೀಲ ಒಯ್ದರೆ ಸಾಕು, ಉಳಿದದ್ದಕ್ಕೆ ಅಲ್ಲಿನ ಅಚ್ಚುಗಳಿವೆ.

ಹೊಲಿಗೆ ಬಿಟ್ಟಿರುವುದು ದಡದಲ್ಲಿ ಗೊತ್ತಾದರೆ ಉದುರಿದ ಚರೆಯನ್ನು ಹೆಕ್ಕದೆ ಬರಬಾರದು. ಹಕ್ಕಿಗಳು ಮೇವು ಅರೆಯಲು ನುಂಗುವ ಸಣ್ಣ ಕಲ್ಲಿನಷ್ಟೇ ಗಾತ್ರ ಇದರದು. ಹಂಸಗಳು ಹೀಗೆ ಸಾಯುತ್ತಿದ್ದವೆಂದೇ ಬ್ರಿಟನ್ನಿನಲ್ಲಿ 28 ಗ್ರಾಂವರೆಗಿನ ಗಾಳದ ಸೀಸವನ್ನು ಬಹುಮಟ್ಟಿಗೆ 1987ರಲ್ಲಿ ನಿಷೇಧಿಸಿದರು. ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ 1991ರಲ್ಲಿ ನಿಂತಿತು, ಯುರೋಪಿನ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರಲ್ಲಿ.

ಡೈವ್ ಆದ ಮೇಲೆ ಮಾಸ್ಕ್, ರೆಗ್ಯುಲೇಟರ್ ತೊಳೆಯುವ ತೊಟ್ಟಿಗೆ ಈ ಚೀಲಗಳನ್ನು ಅದ್ದಬೇಡಿ, ಬಾಯಿಗೆ ಕಚ್ಚುವ ವಸ್ತು ಅದೇ ನೀರಿನಲ್ಲಿರುತ್ತದೆ. ಬೇರೆ ಬಕೆಟ್ಟಿನಲ್ಲಿ ಸಿಹಿನೀರಿಗೆ ಹಾಕಿ, ಎರಡು ಸಲ ಹಿಸುಕಿ, ನೆರಳಿನಲ್ಲಿ ತೂಗುಹಾಕಿ. ಬಿಸಿಲು ನೈಲಾನನ್ನು ತಿನ್ನುತ್ತದೆ. ಬಕೆಟ್ಟಿನ ನೀರು ರಾತ್ರಿಯಿಡೀ ನಿಂತರೆ ತಳದಲ್ಲಿ ಬೂದು ಗಸಿ ಕೂರುತ್ತದೆ. ಮೇಲಿನ ನೀರನ್ನು ಬಗ್ಗಿಸಿ, ಗಸಿಯನ್ನು ಪೇಪರಿನಲ್ಲಿ ಒರೆಸಿ, ಮುಚ್ಚಳದ ಡಬ್ಬಿಯಲ್ಲಿ ಕೂಡಿಡಿ. ಹಳೆ ಬ್ಯಾಟರಿ ಕೊಳ್ಳುವವರಿಗೆ ಹಾಳಾದ ಚರೆ ಕೊಡುವ ದಿನ ಅದನ್ನೂ ಏನು ಮಾಡಬೇಕೆಂದು ಕೇಳಬಹುದು. ತೆಂಗಿನ ಬುಡಕ್ಕೆ ಮಾತ್ರ ಸುರಿಯಬೇಡಿ. ಆ ಬಕೆಟ್ಟಿನ ಮೈಮೇಲೆ ಸೀಸ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಬಚ್ಚಲಿನಿಂದ ದೂರ ಇಡಿ. ಇಲ್ಲದಿದ್ದರೆ ವಾರ ಕಳೆಯುವುದರೊಳಗೆ ಯಾರಾದರೂ ಅದರಲ್ಲಿ ಬಟ್ಟೆ ನೆನೆಹಾಕಿರುತ್ತಾರೆ.